ಇಪ್ಪತ್ತು ಬಿದ್ದರೆ ಹಬ್ಬ, ಒಂದು ಬಿದ್ದರೆ?

ದಾಳದಲ್ಲಿ ಇಪ್ಪತ್ತು ಬಿತ್ತು ಅಂತ ಮೇಜಿನ ಸುತ್ತ ಕೂತವರೆಲ್ಲ ಎದ್ದು ಕೂಗಾಡ್ತಾರೆ. ಆಮೇಲೆ ಪೆಟ್ಟೆಷ್ಟು ಅಂತ ಎಂಟು ಮುಖದ ದಾಳ ಎರಡು ಸಲ ಉರುಳಿಸಿದರೆ ಒಂದು, ಮತ್ತೆ ಒಂದು! ಉದ್ದ ಕತ್ತಿ ಬೀಸಿದ ವೀರ ಮುಖ ಎಲ್ಲಿಟ್ಟುಕೊಳ್ಳಬೇಕು ಹೇಳಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋ ಎಷ್ಟೋ ಮನೆಗಳಲ್ಲಿ ಇದಕ್ಕಂತಲೇ ಒಂದು ಮನೆ ರೂಲು ಇದೆ: ಕ್ರಿಟ್ ಆದರೆ, ಅಂದರೆ ಏಟಿಗೆ ಇಪ್ಪತ್ತು ಬಿದ್ದರೆ, ಒಂದು ದಾಳಕ್ಕೆ ಪೂರಾ ಎಂಟು ಅಂತ ಹಿಡಿ, ಇನ್ನೊಂದನ್ನು ಮಾತ್ರ ಉರುಳಿಸು. ಒಂಬತ್ತಾದರೂ ಗಿಟ್ಟುತ್ತೆ. ನ್ಯಾಯ ಅಲ್ವಾ?

ನ್ಯಾಯವೇ, ಗಾಬ್ಲಿನ್‌ಗೂ ಇಪ್ಪತ್ತು ಬೀಳೋ ತನಕ. ಅದರ ಡೊಂಕು ಕತ್ತಿಗೆ ಆರು ಮುಖದ ದಾಳ, ಮೇಲೆ ಎರಡು. ಮನೆ ರೂಲಿನ ಲೆಕ್ಕದಲ್ಲಿ ಆರು, ಎರಡು, ಕಡೇ ಪಕ್ಷ ಇನ್ನೊಂದು. ಮೊದಲ ಲೆವೆಲ್ಲಿನ ಮಾಂತ್ರಿಕನ ಮೈಯಲ್ಲಿರೋ ಜೀವವೇ ಏಳೆಂಟು ಪಾಯಿಂಟು. ಪಾಪ, ಮಂತ್ರಕ್ಕೆ ಬಾಯಿ ತೆರೆಯೋದರೊಳಗೆ ಅಂಗಾತ! ಈ ಆಟ ಕಟ್ಟಿದವರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಈ ದುಪ್ಪಟ್ಟು ಪೆಟ್ಟಿನ ಗೀಳಿಗೆ ಮೂಗು ಮುರಿದಿದ್ದ. ನಿಮಗೆ ಸಿಕ್ಕಿದ್ದು ಎದುರಿನವರಿಗೂ ಸಿಗಬೇಕಲ್ಲ, ಆಗ ಕಡಿಮೆಯಾಗೋದು ನಿಮ್ಮದೇ ಆಯಸ್ಸು ಅನ್ನೋದು ಅವನ ವಾದ. ಯಾರು ಕೇಳ್ತಾರೆ? ಅವನ ಆಟವೇನು ಕಮ್ಮಿಯೇ? 1974ರ ಮೊದಲ ಪೆಟ್ಟಿಗೆಯಲ್ಲಿ ಹೊಡೆದಾಟಕ್ಕೆ ಚೈನ್‌ಮೇಲ್ ಅನ್ನೋ ಬೇರೊಂದು ಪುಸ್ತಕ ನೋಡ್ಕೊಳ್ಳಿ ಅಂದಿದ್ದರು. ಬೇಕಾದರೆ ಹೀಗೂ ಆಡಬಹುದು ಅಂತ ಪಕ್ಕಕ್ಕಿಟ್ಟಿದ್ದ ಇಪ್ಪತ್ತು ಮುಖದ ದಾಳವೇ ಕೊನೆಗೆ ಯಜಮಾನನಾಗಿ ಕೂತಿತು.

ನನಗೆ ಸುತರಾಂ ಒಗ್ಗದ್ದು ಅಂದರೆ, ಒಂದು ಬಿದ್ದರೆ ಕತ್ತಿ ಕೈಜಾರೋ ರೂಲು. ಹೊಸಬ ಸರದಿಗೆ ಒಂದೇ ಏಟು ಹಾಕ್ತಾನೆ, ಇಪ್ಪತ್ತಕ್ಕೊಮ್ಮೆ ಜಾರಲಿ ಬಿಡಿ. ಇಪ್ಪತ್ತನೇ ಲೆವೆಲ್ಲಿನ ಫೈಟರ್‌ಗೆ ಸರದಿಗೆ ನಾಲ್ಕು ಏಟು. ನೂರು ಸರದಿಯಲ್ಲಿ ಸುಮಾರು 18ರಲ್ಲಿ ಅವನ ಕೈ ಖಾಲಿ! ಡ್ರ್ಯಾಗನ್ ಕೊಂದ ಮಹಾಶಯ, ಮೊನ್ನೆ ಕತ್ತಿ ಹಿಡಿದ ಹುಡುಗನಿಗಿಂತ ಹೆಚ್ಚು ಸಲ ನೆಲ ತಡಕಾಡಬೇಕು. ಅತ್ತ ಫೈರ್‌ಬಾಲ್ ಎಸೆಯೋನು ಏಟಿನ ದಾಳವನ್ನೇ ಮುಟ್ಟಲ್ಲ, ತಪ್ಪಿಸಿಕೊಳ್ಳೋ ದಾಳ ಎದುರಿನವರದು. ಅವನಿಗೆ ಒಂದೂ ಇಲ್ಲ, ಗಿಂದೂ ಇಲ್ಲ.

ಹಾಗಂತ ನಮ್ಮಜ್ಜಿಯ ಚೌಕಾಬಾರದಲ್ಲಿ ತಂಟೆ ಇರಲಿಲ್ಲ ಅನ್ಕೋಬೇಡಿ. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಮನೆಗೆ ಹೋಗೋ ಹಾಗಿಲ್ಲ ಅಂತ ನಮ್ಮಲ್ಲಿ. ಚಿಕ್ಕಮ್ಮನ ಮನೇಲಿ ಹಾಗೇನಿಲ್ಲ. ಬೇಸಿಗೆ ರಜೆಗೆ ಎಲ್ಲರೂ ಸೇರಿದರೆ ಕವಡೆ ಕೈಗೆತ್ತಿಕೊಳ್ಳೋ ಮೊದಲೇ ಜಗಳ. ಕವಡೆ ಓರೆಯಾಗಿ ಚಾಪೆ ಅಂಚಿಗೆ ಒರಗಿಕೊಂಡಾಗ ಮಾತ್ರ ಎಲ್ಲರೂ ತೆಪ್ಪಗೆ ಅಜ್ಜಿ ಮುಖ ನೋಡೋರು. ತೀರಾ ಚಿಕ್ಕವರು ಆಟಕ್ಕುಂಟು ಲೆಕ್ಕಕ್ಕಿಲ್ಲ, ಅವರ ಕಾಯಿ ಹೊಡೆದರೆ ಬೈಗುಳ. ಈಗ ಮೊದಲ ದಿನ ಆಡೋಕೆ ಬಂದವನ ಮೇಲೆ ಬಿದ್ದ ಇಪ್ಪತ್ತನ್ನು ಆಟ ನಡೆಸೋ ಡಿಎಂ (ಡಂಜನ್ ಮಾಸ್ಟರ್) ಪರದೆ ಹಿಂದೆಯೇ ಮುಚ್ಚಿಟ್ಟು 'ತಪ್ಪಿತು' ಅಂತಾರಲ್ಲ, ಅದೂ ಇದೇ ತಾನೇ?

ಮನೆ ರೂಲೊಂದು ಪುಸ್ತಕಕ್ಕೇ ಏರಿದ್ದೂ ಉಂಟು, ಮದ್ದು ಕುಡಿಯೋದು. 2014ರ ಪುಸ್ತಕದಲ್ಲಿ ಅದಕ್ಕೆ ಒಂದು ಆಕ್ಷನ್ ಖರ್ಚು. ಐವತ್ತು ಚಿನ್ನದ ನಾಣ್ಯ ಸುರಿದು ಕೊಂಡ ಬುಡ್ಡಿ ಬರಿದು ಮಾಡಿದರೆ ಏಳೋ ಎಂಟೋ ಪಾಯಿಂಟು ಜೀವ, ಹೊಡೆಯೋ ಅವಕಾಶ ಗೋತಾ. ಆಕ್ಷನ್ ಜೊತೆಗೆ ಸಿಗೋ ಪುಟ್ಟ ಬೋನಸ್ ಆಕ್ಷನ್‌ನಲ್ಲೇ ಕುಡೀರಿ ಅಂತ ಮನೆಮನೆಗಳಲ್ಲಿ ಸಡಿಲ ಮಾಡಿಕೊಂಡರು, ಈ ಆಟವನ್ನೇ ಆಡಿ ತೋರಿಸೋ ಕ್ರಿಟಿಕಲ್ ರೋಲ್ ಶೋನ ಡಿಎಂ ಮ್ಯಾಟ್ ಮರ್ಸರ್ ಕೂಡ. ಆದರೆ ಆತ ಇನ್ನೊಬ್ಬರಿಗೆ ಕುಡಿಸಬೇಕಾದರೆ ಪೂರ್ತಿ ಆಕ್ಷನ್ ಕೇಳ್ತಿದ್ದ. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಅದಕ್ಕೂ ಬೋನಸ್ ಆಕ್ಷನ್ನೇ ಸಾಕು ಅಂದುಬಿಟ್ಟಿತು. ಒಂದು ಸುತ್ತು ಅಂದರೆ ಆರು ಸೆಕೆಂಡು. ಅಷ್ಟರಲ್ಲಿ ಎಚ್ಚರ ತಪ್ಪಿ ಬಿದ್ದವನ ಶಿರಸ್ತ್ರಾಣ ಸರಿಸಿ, ಬಾಯಿ ಬಿಡಿಸಿ, ಮದ್ದು ಹುಯ್ದು, ಎದ್ದು ನಿಂತು ಒಂದು ಏಟೂ ಹಾಕಬೇಕು. ಈ ರೂಲು ಬರೆದವರು ಯಾವತ್ತೂ ಮಗುವಿಗೆ ಹರಳೆಣ್ಣೆ ಕುಡಿಸಿದವರಲ್ಲ ಬಿಡಿ, ಅದೂ ಎಚ್ಚರವಾಗಿರೋ ಮಗುವಿಗೆ.