ಮೆಟ್ಟಿಲ ಮೇಲಿನ ಸಂಚು

ಮಾನ್ಯ ಪ್ರಾಂಶುಪಾಲರಿಗೆ, ಅಂತಿಮ ವರ್ಷದ ವಿದ್ಯಾರ್ಥಿನಿಯ ಸಾಷ್ಟಾಂಗ ನಮಸ್ಕಾರಗಳು.

ತಾವು ಕಳಿಸಿದ ಮೆಮೊ ನಮ್ಮ ಹನ್ನೆರಡು ಜನಕ್ಕೂ ತಲುಪಿತು. ‘ಅನುಮತಿಯಿಲ್ಲದೆ ಹಾಸ್ಟೆಲ್ ಮೆಟ್ಟಿಲ ಮೇಲೆ ಗುಂಪು ಸೇರಿದ್ದಕ್ಕೆ’ ಕಾರಣ ಕೊಡಬೇಕಂತೆ. ಕೊಡುತ್ತೇವೆ ಸಾರ್.

ಭಾನುವಾರ ಸಂಜೆ ಸೇರುವುದು ನಿಜ. ಹೋದ ವಾರದ ಸಂಚು ಇದು: ಫಸ್ಟ್ ಇಯರ್ ಹುಡುಗಿಯೊಬ್ಬಳ ಸ್ಕಾಲರ್‌ಶಿಪ್ ಅರ್ಜಿ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ನಿಂತುಬಿಟ್ಟಿತ್ತು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಹೆಸರು ತಾಳೆಯಾಗದು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇದೆ, ಪ್ರಮಾಣಪತ್ರದಲ್ಲಿಲ್ಲ. ಆಫೀಸಿನಲ್ಲಿ ಕೇಳಿದರೆ ‘ನಾಳೆ ಬಾ’. ನಾಲ್ಕು ನಾಳೆ ಕಳೆದ ಮೇಲೆ, ಇದೇ ಗೋಳು ಅನುಭವಿಸಿದ್ದ ಸೀನಿಯರ್ ಅಕ್ಕ ಹತ್ತು ನಿಮಿಷದಲ್ಲಿ ದಾರಿ ಹೇಳಿದಳು. ಆಮೇಲೆ ಇರುವ ಒಂದೇ ಲ್ಯಾಪ್‌ಟಾಪಿನ ಸುತ್ತ ಕೂತು ಗಣಿತದ ಬ್ಯಾಕ್‌ಲಾಗ್ ಪರೀಕ್ಷೆಗೆ ಓದಿಕೊಂಡೆವು. ಟೀ ತಲಾ ಅರ್ಧ ಲೋಟ.

ಇದಕ್ಕೆಲ್ಲ ಕಾಲೇಜಿನಲ್ಲೇ ವ್ಯವಸ್ಥೆ ಇದೆಯೆಂದು ನೆನಪಿಸಿದ್ದೀರಿ. ಇದೆ. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕೆಂದು ಯುಜಿಸಿ 2012ರಲ್ಲೇ ಹೇಳಿತ್ತು. ನಮ್ಮ ಕೋಶದ ಬೋರ್ಡು ಆಟದ ಸಾಮಾನಿನ ಸ್ಟೋರ್ ರೂಮಿನ ಬಾಗಿಲ ಮೇಲಿದೆ. ಕಿಟಕಿಯಲ್ಲಿ ಇಣುಕಿದರೆ ಮುರಿದ ಕೇರಂ ಬೋರ್ಡು, ಗಾಳಿ ಹೋದ ಫುಟ್‌ಬಾಲು. ಧೂಳು ಮಾತ್ರ ಎಲ್ಲದರ ಮೇಲೂ ಸಮಾನ. ಬೀಗ ತೆರೆದದ್ದು ಒಮ್ಮೆ, ನ್ಯಾಕ್‌ನ ಪೀರ್ ಟೀಮ್ ಬಂದಾಗ. ಆ ಪೀರ್ ಟೀಮಿಗೆ ಮೈಸೂರು ಪೇಟ, ಹಣ್ಣಿನ ಬುಟ್ಟಿ. ಈ ಪೀರ್ ಗುಂಪಿಗೆ ಮೆಮೊ. ಅಂದು ನಮ್ಮನ್ನೇ ‘ಫಲಾನುಭವಿಗಳು’ ಎಂದು ಸಾಲಾಗಿ ಕೂರಿಸಿ ಫೋಟೊ ತೆಗೆಸಿದ್ದಿರಿ. ಫಲವನ್ನು ಆಮೇಲೆ ಸ್ಟಾಫ್ ರೂಮಿನವರು ಅನುಭವಿಸಿದರು.

ನಮ್ಮ ಕ್ಯಾಂಪಸ್ಸಿನಲ್ಲಿ ಜಾತಿಯೇ ಇಲ್ಲ ಅಂತಲೂ ಬರೆದಿದ್ದೀರಿ. ಒಪ್ಪಿದೆ. ಇಲ್ಲಿ ಯಾರೂ ಜಾತಿ ಕೇಳುವುದಿಲ್ಲ, ‘ಸಿಇಟಿ ರ‍್ಯಾಂಕ್ ಎಷ್ಟಮ್ಮಾ?’ ಅಂತಾರೆ.

ಕಿರಿಯಳ ಒಂದು ಕಿವಿಮಾತು. ಮದ್ರಾಸ್ ಐಐಟಿಯವರು 2015ರ ಮೇ ತಿಂಗಳಲ್ಲಿ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್ ಎಂಬ ವಿದ್ಯಾರ್ಥಿ ಗುಂಪಿನ ಮಾನ್ಯತೆ ಕಿತ್ತುಕೊಂಡು ಜೂನ್‌ನಲ್ಲಿ ವಾಪಸ್ ಕೊಟ್ಟರು. ಅಷ್ಟರಲ್ಲಿ ಆ ಹೆಸರು ಊರೂರಿಗೂ ಬಾಯಿಪಾಠವಾಗಿತ್ತು. ನಮಗೆ ಅಷ್ಟು ಪ್ರಚಾರ ಬೇಡ, ಕೋಶದ ಬೀಗದ ಕೈ ಸಾಕು. ಮಳೆ ಬಂದರೆ ಮೆಟ್ಟಿಲು ನೆನೆಯುತ್ತದೆ.

ಮೆಮೊಗೆ ಉತ್ತರ ಇಂಗ್ಲಿಷಿನಲ್ಲೇ ಇರಬೇಕೆಂದು ಕೆಳಗೆ ಷರಾ ಬರೆದಿದ್ದೀರಿ. ಫಸ್ಟ್ ಇಯರ್‌ನವರಿಗೆ ಅದು ಕಷ್ಟ. ಈ ಭಾನುವಾರ ಮೆಟ್ಟಿಲ ಮೇಲೆ ಕೂತು ಬರೆಸಿಕೊಡುತ್ತೇವೆ.

ಇತಿ ತಮ್ಮ ವಿಧೇಯ ಫಲಾನುಭವಿ