ಡಾಕ್ಟರು ಕಾರು ಮಾರಿದ್ದು

ಹಳೆಯ ಎಂ.ಜಿ. ಕಾರಿನ ಒಡೆಯನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಕಾರು ನಿಲ್ಲಿಸಿ ಇಳಿದವನು ಬೀಗ ಬಿತ್ತೋ ಇಲ್ಲವೋ ಎಂದು ನೋಡುವುದಿಲ್ಲ. ಬಗ್ಗಿ, ಕೆಳಗೆ ಎಣ್ಣೆ ಎಷ್ಟು ತೊಟ್ಟಿಕ್ಕಿದೆ ಎಂದು ನೋಡುತ್ತಾನೆ. ತೊಟ್ಟಿಕ್ಕಿದ್ದರೆ ನೆಮ್ಮದಿ. ಇಲ್ಲದಿದ್ದರೆ ಗಾಬರಿ, ಒಳಗೆ ಎಣ್ಣೆಯೇ ಮುಗಿದಿರಬೇಕು ಎಂದು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಈ ಪೈಕಿಯವರು ಊರಿಗೆ ಹತ್ತಾರು ಜನ ಸಿಗುತ್ತಾರೆ. ಎಲ್ಲರಿಗೂ ನಿವೃತ್ತಿಯಾಗಿರುತ್ತದೆ, ಎಲ್ಲರ ಉಗುರಿನ ಸಂದಿಯಲ್ಲೂ ಗ್ರೀಸು, ಗ್ಯಾರೇಜಿನ ಬಾಗಿಲಲ್ಲಿ ನಿಂತು ಊಟಕ್ಕೆ ಕೂಗಿ ಕೂಗಿ ಎಲ್ಲರ ಹೆಂಡತಿಯರಿಗೂ ಒಳ್ಳೆಯ ಕಂಠ.

ಕಾರು ಇಟ್ಟುಕೊಂಡಿರುವಷ್ಟು ದಿನ ಇವರಿಂದ ಲೋಕಕ್ಕೆ ಅಂಥ ತೊಂದರೆಯೇನಿಲ್ಲ. ಮಾರುತ್ತೇನೆ ಎಂದು ಹೊರಟಾಗ ನೋಡಬೇಕು.

ನಾನು ನೋಡಿದ್ದು, ಅನುಭವಿಸಿದ್ದು, ನಮ್ಮ ಡಾಕ್ಟರನ್ನು. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿ, 1970ರ ದಶಕದಲ್ಲಿ ಲೆಸ್ಟರಿಗೆ ಬಂದು, ಮೂಳೆ ಡಾಕ್ಟರಾಗಿ ಊರಿನ ಅದೆಷ್ಟೋ ಜನರ ಮಂಡಿ ಬದಲಾಯಿಸಿ ನಿವೃತ್ತರಾದವರು. ನಾನು ಲೆಕ್ಕಪತ್ರದ ಕೆಲಸ ಹಿಡಿದು ಆ ಊರಿಗೆ ಹೋದಾಗ ಬಾಡಿಗೆಗೆ ಮನೆ ಹುಡುಕಿಕೊಟ್ಟವರು ಅವರು. ಮನೆಯಲ್ಲಿ ಒಲೆ ಹತ್ತುವವರೆಗೆ ಸಾರು ಕಳಿಸಿದವರು ಅಕ್ಕ, ಅಂದರೆ ಅವರ ಮನೆಯವರು. ಆ ಸಾರಿನ ಋಣಕ್ಕೆ ನಾನು ಇಷ್ಟೆಲ್ಲ ಮಾಡಿದ್ದು, ಇಲ್ಲದಿದ್ದರೆ ಖಂಡಿತ ಮಾಡುತ್ತಿರಲಿಲ್ಲ.

ಡಾಕ್ಟರಿಗೆ ಈ ಹುಚ್ಚು ಹಿಡಿದದ್ದು ಬಂದ ಹೊಸದರಲ್ಲೇ. ಅವರ ಮೇಲಿನ ದೊಡ್ಡ ಡಾಕ್ಟರು ಕೆಂಪು ಬಣ್ಣದ ಎಂಜಿಬಿ ರೋಡ್‌ಸ್ಟರ್‌ನಲ್ಲಿ ಆಸ್ಪತ್ರೆಗೆ ಬರುತ್ತಿದ್ದರಂತೆ. ರೋಡ್‌ಸ್ಟರ್ ಎಂದರೆ ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ಮಳೆ ಬಂದರೆ ಕಾರು ನಿಲ್ಲಿಸಿ, ಇಳಿದು, ಕ್ಯಾನ್ವಾಸಿನ ಟಾಪು ಬಿಡಿಸಿ ಗುಂಡಿ ಹಾಕಬೇಕು. ಅಷ್ಟರಲ್ಲಿ ಮಳೆ ನಿಂತಿರುತ್ತದೆ. ಬಸ್‌ಸ್ಟಾಪಿನ ಸೂರಿನಡಿ ನಿಂತ ನಮ್ಮ ಡಾಕ್ಟರು ಬೆಚ್ಚಗಿದ್ದರು, ಕಾರಿನಲ್ಲಿದ್ದ ದೊಡ್ಡ ಡಾಕ್ಟರು ತೊಪ್ಪೆಯಾಗಿದ್ದರು. ಆದರೂ ಹೊಟ್ಟೆ ಉರಿದದ್ದು ಇವರಿಗೇ.

ನಿವೃತ್ತಿಯ ಮರುತಿಂಗಳೇ ಟ್ರೈಲರ್ ಮೇಲೆ ಒಂದು ಎಂಜಿಬಿ ಬಂತು. 1966ರದ್ದು. ಬಂತು ಎನ್ನುವುದಕ್ಕಿಂತ ಸುರಿಯಿತು ಎನ್ನಬೇಕು, ಅಷ್ಟು ತುಕ್ಕು. ಈ ಕಾರಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ತಗಡಿನ ತೊಲೆಗಳ ಮೇಲೆ ಇಡೀ ಕಾರಿನ ಜೀವ ನಿಂತಿರುತ್ತದೆ, ನೀರು ಮೊದಲು ಸೇರುವುದೂ ಅಲ್ಲಿಗೇ. ಅದು ಕೊಳೆತಿದ್ದರೆ ಕಾರನ್ನು ಜಾಕ್ ಮೇಲೆ ಎತ್ತಿದಾಗ ನಡು ಬಾಗಿ ಬಾಗಿಲು ಹಾಕಲು ಬರುವುದಿಲ್ಲ. ಡಾಕ್ಟರು ಅದನ್ನು ನೋಡಿ ಹೆದರಲಿಲ್ಲ. ಕೊಯ್ಯುವುದು, ಕೊಳೆತದ್ದು ತೆಗೆಯುವುದು, ಹೊಸದು ಕೂರಿಸುವುದು, ಮುಚ್ಚುವುದು: ಜೀವಮಾನವೆಲ್ಲ ಮಾಡಿದ್ದು ಅದೇ ತಾನೆ. ವೆಲ್ಡಿಂಗ್ ಕಲಿಯಲು ರಾತ್ರಿ ಕ್ಲಾಸಿಗೆ ಸೇರಿದರು. ಅಲ್ಲಿ ಪಾಠ ಹೇಳುತ್ತಿದ್ದವನ ಮಂಡಿಯೂ ಇವರೇ ಹಾಕಿದ್ದು.

ಬಣ್ಣದ ವಿಷಯದಲ್ಲಿ ಮಾತ್ರ ವಿಧಿ ಕೈಕೊಟ್ಟಿತು. ಇವರ ಮನಸ್ಸಿನಲ್ಲಿ ಇದ್ದದ್ದು ಆ ದೊಡ್ಡ ಡಾಕ್ಟರ ಕೆಂಪು. ಆದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿಗೆ ಬರೆದರೆ ಕಾರ್ಖಾನೆಯ ಹಳೆಯ ದಾಖಲೆ ನೋಡಿ, ಕಾರು ಹುಟ್ಟಿದ ದಿನ, ಬಣ್ಣ, ಹೊರಗೆ ಹೋದ ದಿನ ಎಲ್ಲ ಬರೆದ ಸರ್ಟಿಫಿಕೇಟ್ ಕಳಿಸುತ್ತಾರೆ. ಇವರಿಗೂ ಬಂತು. ಓಲ್ಡ್ ಇಂಗ್ಲಿಷ್ ವೈಟ್ ಎಂದಿತ್ತು. ಹುಟ್ಟಿದ ಬಣ್ಣ ಬಿಟ್ಟು ಬೇರೆ ಬಳಿಯುವುದು ಈ ಪಂಥದಲ್ಲಿ ಮಹಾಪಾಪ. ಒಂದು ವಾರ ಸರಿಯಾಗಿ ಊಟ ಮಾಡದೆ, ಕೊನೆಗೆ ಬಿಳಿಯನ್ನೇ ಬಳಿದರು. ಬಣ್ಣ ಒಣಗಿದ ದಿನ ಅಕ್ಕ ಗ್ಯಾರೇಜಿಗೆ ಬಂದು, ಸುತ್ತ ನೋಡಿ, "ನಮ್ಮಪ್ಪನ ಅಂಬಾಸಡರ್ ಥರಾನೇ ಇದೆ, ಅಲ್ವೇನ್ರೀ?" ಎಂದರು.

ಬೇರೆ ಯಾರಾದರೂ ಅಂದಿದ್ದರೆ ಜಗಳವಾಗುತ್ತಿತ್ತು. ಡಾಕ್ಟರು ಸುಮ್ಮನಾದರು. ಯಾಕೆಂದರೆ ಅಕ್ಕ ಗೊತ್ತಿಲ್ಲದೆಯೇ ಸತ್ಯ ಹೇಳಿದ್ದರು. ಅಂಬಾಸಡರ್ ಎಂದರೆ ಮಾರಿಸ್ ಆಕ್ಸ್‌ಫರ್ಡ್ ಕಾರು, ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ನಮ್ಮ ಅಂಬಾಸಡರಿನಲ್ಲಿ ಬಹಳ ಕಾಲ ಓಡಿದ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಬಿ-ಸೀರೀಸ್ ವಂಶದ ದಾಯಾದಿಗಳು. ಒಂದು ಹಾಸನದ ಮಾವನವರನ್ನು ಹೊತ್ತುಕೊಂಡು ತೋಟಕ್ಕೆ ಹೋಯಿತು, ಇನ್ನೊಂದು ಲೆಸ್ಟರಿನ ದೊಡ್ಡ ಡಾಕ್ಟರನ್ನು ಮಳೆಯಲ್ಲಿ ನೆನೆಸಿತು.

ಊರಿಂದ ಬಂದ ನೆಂಟರ ಮುಂದೆಯೂ ಈ ಕಾರಿಗೆ ಮರ್ಯಾದೆ ಸಿಗಲಿಲ್ಲ. ಈ ಕಾರು ತಯಾರಾದ ಅಬಿಂಗ್ಡನ್ನಿನ ಕಾರ್ಖಾನೆ 1980ರಲ್ಲೇ ಮುಚ್ಚಿತು; ಎಂ.ಜಿ. ಹೆಸರು ಈಗ ಚೀನಾದ ಕಂಪನಿಯ ಕೈಯಲ್ಲಿದೆ, ನಮ್ಮಲ್ಲಿ 2019ರಿಂದ ಎಂ.ಜಿ. ಎಂದರೆ ಹೆಕ್ಟರ್. "ನಮ್ಮ ಭಾವನೂ ಎಂ.ಜಿ. ತಗೊಂಡಿದಾನೆ. ದೊಡ್ಡ ಸನ್‌ರೂಫ್ ಇದೆ. ನಿಮ್ಮದರಲ್ಲಿ ಇಲ್ವಾ?" ಎಂದು ಮೈಸೂರಿನ ಹುಡುಗನೊಬ್ಬ ಕೇಳಿದ. "ರೂಫೇ ಇಲ್ಲ ಕಣಪ್ಪ," ಎಂದು ಡಾಕ್ಟರು ಒಳಗೆ ಹೋದರು.

ಮಾರಬೇಕಾಗಿ ಬಂದದ್ದು ಮಂಡಿಯಿಂದ. ಈ ಕಾರಿನಲ್ಲಿ ಕೂರುವುದೆಂದರೆ ಹೆಚ್ಚುಕಡಿಮೆ ನೆಲದ ಮೇಲೇ ಕೂರುವುದು. ಕೂತವರು ಏಳಲಾಗದೆ ಅಂಗಡಿಯ ಮುಂದೆ ಹಾಗೇ ಉಳಿದದ್ದು, ಯಾರೋ ಹುಡುಗಿ ಕೈ ಹಿಡಿದು ಎಬ್ಬಿಸಿದ್ದು, ಇದನ್ನೆಲ್ಲ ಅಕ್ಕ ಹೇಳಿದ್ದು. ಡಾಕ್ಟರು ನನಗೆ ಹೇಳಿದ್ದು "ಮಾರ್ಕೆಟ್ ಚೆನ್ನಾಗಿದೆ" ಎಂದು. ಮಾರ್ಕೆಟ್ ಚೆನ್ನಾಗಿರಲಿಲ್ಲ. ಎಂಜಿಬಿಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾಗಿವೆ; ಅಪರೂಪದ ಕಾರೇನಲ್ಲ. ರಿಪೇರಿಗೆ ಹಾಕಿದ ದುಡ್ಡು ಮಾರಿದರೆ ಬರುವುದಿಲ್ಲ ಎಂಬುದು ಇದನ್ನು ಸಾಕಿದವರೆಲ್ಲರಿಗೂ ಗೊತ್ತು. ಹೆಂಡತಿಯರಿಗೆ ಮಾತ್ರ ಗೊತ್ತಿರುವುದಿಲ್ಲ.

ಈಗ ಇಂಥ ಕಾರುಗಳು ಆನ್‌ಲೈನ್ ಹರಾಜಿನಲ್ಲಿ ಹೋಗುತ್ತವೆ. ಕೊಳ್ಳುವವನು ಬಂದು ಮುಟ್ಟಿ ನೋಡುವುದಿಲ್ಲವಾದ್ದರಿಂದ ನೂರಾರು ಫೋಟೊ ಬೇಕು: ಮೇಲೆ, ಕೆಳಗೆ, ಚಕ್ರದ ಒಳಗೆ, ಸೀಟಿನ ಹಿಂದೆ ಅಡಗಿರುವ ಆರಾರು ವೋಲ್ಟಿನ ಎರಡು ಬ್ಯಾಟರಿ. ಒಳ್ಳೆಯ ಫೋನಿದ್ದದ್ದು ನನ್ನ ಹತ್ತಿರ. ಮಾರುವವರು ಸಾಮಾನ್ಯವಾಗಿ ದೋಷ ಮುಚ್ಚಿಡುತ್ತಾರಲ್ಲ, ಡಾಕ್ಟರು ದೋಷ ಹುಡುಕಲು ನಿಂತರು. ಎಡಬಾಗಿಲ ಅಂಚಿನಲ್ಲಿ ಒಂದು ಗೀರು ಇದೆಯಂತೆ. ನನಗೆ ಕಾಣಲಿಲ್ಲ. ಫೋನಿಗೂ ಕಾಣಲಿಲ್ಲ. ಟಾರ್ಚ್ ತಂದರು, ಅಕ್ಕನ ಕೈಗನ್ನಡಿ ತಂದರು.

"ಕಾಣದೇ ಇದ್ದರೆ ಬಿಡಿ ಡಾಕ್ಟ್ರೇ."

"ಕಾಣದೇ ಇರೋದನ್ನ ಹೇಳೋದೇ ಕಣಯ್ಯ ಪ್ರಾಮಾಣಿಕತೆ. ಕಾಣೋದನ್ನ ಯಾರು ಬೇಕಾದರೂ ಹೇಳ್ತಾರೆ."

ಇದು ಪ್ರಾಮಾಣಿಕತೆಯಲ್ಲ, ಯಾರೂ ಕೊಳ್ಳದಿರಲಿ ಎಂಬ ಹರಕೆ ಎಂದು ನನಗೆ ಆಗಲೇ ಹೊಳೆದಿತ್ತು.

ಫೋಟೊ ಹೇಗೋ ಮುಗಿಯಿತು. ಆಮೇಲೆ ಬಂತು ವಿಡಿಯೊ. ತಣ್ಣಗಿರುವ ಎಂಜಿನ್ ಮೊದಲ ಸಲ ಹೇಗೆ ಹತ್ತುತ್ತದೆ ಎಂದು ತೋರಿಸಬೇಕು. ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ, ತಣ್ಣನೆಯದು ಹೇಳಿಬಿಡುತ್ತದೆ. ಅದಕ್ಕೆ ರಾತ್ರಿಯೆಲ್ಲ ಮುಟ್ಟದೆ ಬಿಟ್ಟು ಬೆಳಗ್ಗೆಯೇ ತೆಗೆಯಬೇಕು. ಫೆಬ್ರವರಿಯ ಬೆಳಗ್ಗೆ, ಇನ್ನೂ ಕತ್ತಲೆ. ಕೀ ತಿರುಗಿಸಿದರೆ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನುತ್ತದೆ, ಎರಡೂ ಕಾರ್ಬುರೇಟರ್ ತುಂಬಿದ ಮೇಲೆ ನಿಧಾನವಾಗುತ್ತದೆ. ಆಗ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು. ಟಿಕ್ ಟಿಕ್ ನಿಧಾನವಾಯಿತು, ಡಾಕ್ಟರು ಚೋಕ್ ಎಳೆದರು, ಎಂಜಿನ್ ಗುರ್ ಎಂದಿತು, ನಾನು ಕೆಮ್ಮಿದೆ.

"ಎಂಜಿನ್ ಕೆಮ್ಮಿತು ಅಂತ ತಿಳ್ಕೋತಾರಲ್ಲಯ್ಯ!"

ಇನ್ನೊಂದು ಸಲ ತೆಗೆಯೋಣ ಎಂದೆ. ಹೇಗೆ ತೆಗೆಯುವುದು? ಎಂಜಿನ್ ಬಿಸಿಯಾಗಿತ್ತು. ಮರುದಿನ ಬೆಳಗ್ಗೆ ಬಾ ಎಂದರು. ಮರುದಿನ ನಾನು ಉಸಿರು ಬಿಗಿ ಹಿಡಿದು ನಿಂತೆ. ಸರಿಯಾದ ಗಳಿಗೆಗೆ ಕಸದ ಲಾರಿ ರಿವರ್ಸಿನಲ್ಲಿ ಬೀಪ್ ಬೀಪ್ ಎನ್ನುತ್ತ ಬಂತು. ಅದರ ಮರುದಿನ ಫೋನಿನ ಚಾರ್ಜು ಚಳಿಗೆ ಸತ್ತಿತು. ಹೀಗೆ ಬೆಳಗಿನ ಜಾವ ಎದ್ದು ಹೋಗುತ್ತಿದ್ದ ನನ್ನನ್ನು ಕಂಡು ಪಕ್ಕದ ಮನೆಯ ಇಂಗ್ಲಿಷ್ ಮುದುಕಿ, ಯಾವುದೋ ವ್ರತ ಹಿಡಿದಿದ್ದೇನೆಂದು ತಿಳಿದು ಗೌರವದಿಂದ ತಲೆ ಬಾಗಿಸತೊಡಗಿದಳು. ಕೊನೆಗೊಂದು ಬೆಳಗ್ಗೆ ಎಲ್ಲ ಕೂಡಿಬಂತು. ಪಂಪು ಸರಿ, ಚೋಕ್ ಸರಿ, ಎಂಜಿನ್ ಒಂದೇ ಎಳೆತಕ್ಕೆ ಹತ್ತಿ ಹದವಾಗಿ ಗುನುಗತೊಡಗಿತು. ಡಾಕ್ಟರ ಮುಖದಲ್ಲಿ ಸಾತ್ವಿಕ ಕಳೆ. ಆಗ ಅಡಿಗೆಮನೆಯಿಂದ ಅಕ್ಕ: "ಕಾಫಿ ಆರಿ ಹೋಗ್ತಿದೆ, ಆ ದರಿದ್ರದ್ದನ್ನ ಆಫ್ ಮಾಡಿ ಬರ್ರೀ!"

ಅದನ್ನೇ ಹಾಕಿದೆವು. ನನ್ನಲ್ಲಿ ಇನ್ನು ತ್ರಾಣವಿರಲಿಲ್ಲ. ಹೆಂಗಸು ಕಾರಿನ ಬಗ್ಗೆ ಏನೆಂದಳು ಎಂದು ಬಿಡ್ ಹಾಕುವವನೊಬ್ಬ ಕೇಳಿದ. ಡಾಕ್ಟರು ಅಕ್ಷರಶಃ ಅನುವಾದ ಮಾಡಿ ಕಳಿಸಿದರು, "ದರಿದ್ರ" ಸಮೇತ.

ಹರಾಜು ನಡೆದ ಆ ವಾರ ಡಾಕ್ಟರನ್ನು ನೋಡಲಾಗುತ್ತಿರಲಿಲ್ಲ. ಕಡಿಮೆ ಬಿಡ್ ಬಂದರೆ ಅವಮಾನ, ಹೆಚ್ಚು ಬಂದರೆ ಭಯ. ಒಬ್ಬ ಗ್ಯಾರೇಜಿನೊಳಗೆ ನಿಲ್ಲಿಸಿ ಬೆಲೆ ಏರಲು ಕಾಯುತ್ತಾನೆ ಎಂದು ತೀರ್ಮಾನ, ಇನ್ನೊಬ್ಬನಿಗೆ ಪೆಟ್ರೋಲೇ ಗೊತ್ತಿಲ್ಲ ಎಂದು ತೀರ್ಮಾನ. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಪೈಪುಗಳಿಗೆ ಆಗಿಬರುವುದಿಲ್ಲ. "ಮಗಳಿಗೆ ಗಂಡು ನೋಡೋವಾಗ ಇವರು ಆ ಹುಡುಗನ್ನ ಕೇಳಿದ್ದು ಒಂದೇ ಪ್ರಶ್ನೆ, ಗೇರ್ ಗಾಡಿ ಓಡಿಸ್ತೀಯಾ ಅಂತ," ಎಂದು ಅಕ್ಕ ನೆನೆಸಿಕೊಂಡರು. ಒಂದು ರಾತ್ರಿ ಡಾಕ್ಟರು ನನಗೆ ಗುಟ್ಟಾಗಿ ಫೋನ್ ಮಾಡಿ, ನಿನ್ನ ಹೆಸರಲ್ಲಿ ಒಂದು ಬಿಡ್ ಹಾಕುತ್ತೀಯಾ ಎಂದರು. ನಮ್ಮದೇ ಮಾಲಿಗೆ ನಾವೇ ಬಿಡ್ ಹಾಕಿಸುವುದು ಇಲ್ಲಿ ಅಪರಾಧ ಡಾಕ್ಟ್ರೇ ಎಂದೆ. ಬೆಲೆ ಏರಿಸಲಿಕ್ಕಲ್ಲ ಕಣಯ್ಯ, ವಾಪಸ್ ತಗೊಳ್ಳಲಿಕ್ಕೆ ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಎಲ್ಲರೂ ಸೈಲೆನ್ಸರು, ಸ್ಟಾಂಪು, ನಂಬರು ಎಂದು ಕೇಳುತ್ತಿರುವಾಗ ಯಾರ್ಕ್‌ಶೈರಿನ ಒಬ್ಬಾಕೆ ಒಂದೇ ಪ್ರಶ್ನೆ ಕಳಿಸಿದ್ದಳು: ಟಾಪು ಹಾಕಿದ ಮೇಲೂ ಒಳಗೆ ನೀರು ಬರುತ್ತದೆಯೇ? ಬರುತ್ತದೆ, ಬಲಗಾಲಿನ ಮೇಲೆ ಬೀಳುತ್ತದೆ ಎಂದು ಡಾಕ್ಟರು ಬರೆದರು. ಕೊನೆಯ ಎರಡು ನಿಮಿಷದಲ್ಲಿ ಬಿಡ್ ಬಂದರೆ ಗಡುವು ಮತ್ತೆ ಎರಡು ನಿಮಿಷ ಮುಂದಕ್ಕೆ ಹೋಗುವ ಪದ್ಧತಿ. ಹಾಗೆ ಎಳೆದೆಳೆದು ಕೊನೆಗೆ ಕಾರು ಆಕೆಗೇ ಹೋಯಿತು. ಆಕೆ ಬಂದ ದಿನ ಡಾಕ್ಟರು ಕಾರ್ಬುರೇಟರಿಗೆ ಎಣ್ಣೆ ಹಾಕುವುದನ್ನು ಎರಡೆರಡು ಸಲ ತೋರಿಸಿಕೊಟ್ಟರು. ಕಾರು ತಿರುವು ದಾಟಿದ ಮೇಲೆ ಬಗ್ಗಿ, ನೆಲದ ಮೇಲಿನ ಎಣ್ಣೆಯ ಕಲೆಗೆ ಮರಳು ಹಾಕಲು ಹೋದ ಅಕ್ಕನಿಗೆ, "ಇರಲಿ ಬಿಡು," ಎಂದರು.

ಕಾರಿನ ಜೊತೆ ಫೈಲೂ ಹೋಯಿತು: ಸರ್ಟಿಫಿಕೇಟು, ಹಳೆಯ ಕಾಗದ, ಇಷ್ಟು ವರ್ಷದ ಪ್ರತಿ ಬೋಲ್ಟಿನ ರಸೀದಿ. ಇಂಥ ಕಾರಿಗೆ ಆ ಫೈಲೇ ಅರ್ಧ ಬೆಲೆ. ಖರ್ಚಿನ ಲೆಕ್ಕ ಯಾರ್ಕ್‌ಶೈರಿಗೆ ತೊಲಗಿತು ಎಂದು ಡಾಕ್ಟರು ಒಳಗೊಳಗೇ ಹಿಗ್ಗಿದ್ದನ್ನು ನಾನು ಬಲ್ಲೆ. ಆದರೆ ಪ್ರಾಮಾಣಿಕತೆಯ ಉಮೇದಿನಲ್ಲಿ ಅವರು ಆ ರಸೀದಿಗಳನ್ನೂ ಒಂದೊಂದಾಗಿ ಫೋಟೊ ತೆಗೆಸಿ ಹರಾಜಿಗೆ ಹಾಕಿಸಿದ್ದರು. ಕಾರು ಮಾರಿಹೋದರೂ ಆ ಫೋಟೊಗಳು ಅಲ್ಲೇ ಇರುತ್ತವೆ, ಯಾರು ಬೇಕಾದರೂ ನೋಡಬಹುದು. ಕಳೆದ ಭಾನುವಾರ ಅಕ್ಕ ಅವನ್ನೆಲ್ಲ ನನಗೆ ಕಳಿಸಿ, "ನೀನು ಲೆಕ್ಕದವನಲ್ವಾ, ಒಂಚೂರು ಕೂಡಿಸಿಕೊಡಪ್ಪ" ಎಂದಿದ್ದಾರೆ. ಸಾರಿನ ಋಣ ಅವರದೂ ಇದೆ. ಓದುಗರಲ್ಲಿ ಯಾರಾದರೂ ಹಳೇ ಕಾರು ಹರಾಜಿಗೆ ಹಾಕುವವರಿದ್ದರೆ ದಯವಿಟ್ಟು ಕೇಳಿ: ತುಕ್ಕಿನ ಫೋಟೊ ಹಾಕಿ, ಗೀರಿನ ಫೋಟೊ ಹಾಕಿ, ರಸೀದಿಯ ಫೋಟೊ ಮಾತ್ರ ಹಾಕಬೇಡಿ.