ತನಿ ಬಿಟ್ಟಾಗ

ಗಾಯಕರು ಸ್ವರಕಲ್ಪನೆ ಮುಗಿಸಿ, ಮೃದಂಗದವರ ಕಡೆ ಕೈ ತೋರಿ ತನಿ ಬಿಟ್ಟರೆ ಸಾಕು, ರಾಮನವಮಿ ಪೆಂಡಾಲಿನ ಅರ್ಧ ಜನಕ್ಕೆ ಒಮ್ಮೆಲೇ ಹಸಿವು. ರವೆ ಎರಡೂ ಕಡೆ ಇರುತ್ತದೆ: ಕ್ಯಾಂಟೀನಿನಲ್ಲಿ ಉಪ್ಪಿಟ್ಟಾಗಿ, ವೇದಿಕೆಯಲ್ಲಿ ಮೃದಂಗದ ಎಡ ಮುಚ್ಚಿಗೆಗೆ ಮೆತ್ತಿದ ಕಣಕವಾಗಿ. ಅದು ಒಣಗಿದರೆ ಗುಮ್ಕಿ ಮಾಯ. ಉಪ್ಪಿಟ್ಟಿಗೆ ಇಷ್ಟು ಕಾಳಜಿ ಮಾಡಿದವರನ್ನು ನಾನು ಕಾಣೆ.

ನಾನು ಮಾತ್ರ ಏಳುವವನಲ್ಲ. ಮುಂದಿನ ಸಾಲು, ನಡುವಿನ ಕುರ್ಚಿ, ತೊಡೆಯ ಮೇಲೆ ತಾಳ. ವಿದ್ವಾಂಸರಿಗೆ ನನ್ನಿಂದ ಧೈರ್ಯ ಬರುತ್ತದೆಂಬ ನಂಬಿಕೆಯನ್ನು ಯಾರು ತುಂಬಿದರೋ! ಆದಿತಾಳವಾದರೆ ನಾನು ಹುಲಿ. ಪೆಟ್ಟು, ಕಿರುಬೆರಳು, ಉಂಗುರ, ನಡುಬೆರಳು; ಪೆಟ್ಟು, ಹುಸಿ; ಪೆಟ್ಟು, ಹುಸಿ. ಮೊನ್ನೆ ಮೃದಂಗದವರು ಚತುರಶ್ರ ಬಿಟ್ಟು ಮೆಲ್ಲಗೆ ತಿಶ್ರ ನಡೆಗೆ ಇಳಿದರು. ತಾಳ ಹಾಗೇ ಇರಬೇಕು, ಒಳಗಿನ ಎಣಿಕೆ ಮಾತ್ರ ನಾಲ್ಕು ಹೋಗಿ ಮೂರಾಗಬೇಕು. ಇದು ನನ್ನ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಅದು ನುಡಿಸಾಣಿಕೆಯ ಬೆನ್ನು ಹತ್ತಿ ಓಡಿತು. ಉಂಗುರಬೆರಳು ಬರಬೇಕಾದಲ್ಲಿ ಹುಸಿ ಬಂತು. ಮೃದಂಗದವರು ಒಮ್ಮೆ ನನ್ನ ಕೈ ನೋಡಿ ಕಣ್ಣು ಮುಚ್ಚಿಕೊಂಡರು. ತನ್ಮಯತೆ ಅಂದರೆ ಇದು ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದೆ. ಖಂಜಿರದವರು ಚರ್ಮದ ಒಳಮೈಗೆ ನೀರು ಚಿಮುಕಿಸುವ ನೆಪದಲ್ಲಿ ಮುಖ ತಿರುಗಿಸಿದರು. ಪಾಪ, ಘಟದವರಿಗೆ ಆ ಸೌಲಭ್ಯವೂ ಇಲ್ಲ. ಘಟದ ಬಾಯಿ ಹೊಟ್ಟೆಗೇ ಒತ್ತಿರುತ್ತದಲ್ಲ, ಅವರು ತಡೆದುಕೊಂಡ ನಗುವಿನ ಕುಲುಕಾಟವೆಲ್ಲ ಸೀದಾ ನಾದಕ್ಕೆ ಬಂತು. ಹೊಸ ಗಮಕವೆಂದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಕೊನೆಗೆ ಪಕ್ಕದ ಹಿರಿಯರು ನನ್ನ ಮಣಿಕಟ್ಟು ಹಿಡಿದು, "ಸ್ವಾಮೀ, ಅವ್ರು ನುಡಿಸ್ಲಿ ಬಿಡಿ" ಎಂದರು.

ಆದರೂ ಎದ್ದು ಹೋಗುವವರ ಮೇಲಿನ ನನ್ನ ಸಿಟ್ಟು ಇಳಿಯುವುದಿಲ್ಲ. ಕಛೇರಿಯುದ್ದಕ್ಕೂ ಇನ್ನೊಬ್ಬರ ಸಂಗತಿಗೆ ಒದಗಿ ಬಂದವರಿಗೆ ತಮ್ಮದೆಂದು ಸಿಗುವುದು ಈ ಹತ್ತು ಹದಿನೈದು ನಿಮಿಷ. ಆಹ್ವಾನಪತ್ರಿಕೆಯಲ್ಲಿ ಹೆಸರು ಕೊನೆಯ ಸಾಲಿನಲ್ಲಿ, ಘಟ-ಮೋರ್ಚಿಂಗ್ ಆದರಂತೂ ಉಪಪಕ್ಕವಾದ್ಯ. 'ಹೆಣ್ಣಿಗೇಕೆ ಘಟ' ಎಂಬ ಮಾತನ್ನು ದಾಟಿ ಬಂದ ಸುಕನ್ಯಾ ರಾಮ್‌ಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟು ರಾಗವನ್ನೇ ಹೊರಡಿಸುತ್ತಾರೆ. ಮಣ್ಣು ಹಾಡುವಾಗಲೂ ವಡೆ ಕರೆಯಿತೆಂದು ಏಳುವ ಕಿವಿಗೆ ಏನನ್ನೋಣ?

ಮುಕ್ತಾಯ ಮೂರು ಸಲ ಬಂದು ಎತ್ತುಗಡೆಗೆ ಸರಿಯಾಗಿ ಕೂತಿತು, ಗಾಯಕರು ಪಲ್ಲವಿ ಹಿಡಿದರು. ಕಾಫಿ ಲೋಟದೊಂದಿಗೆ ಮರಳಿದವರೊಬ್ಬರು, "ತನಿ ಹೇಗಿತ್ತು?" ಎಂದು ಕೇಳಿದರು.

"ಕೊನೇ ಭಾಗ ಚೆನ್ನಾಗಿತ್ತು" ಎಂದರು ಹಿರಿಯರು, ನನ್ನ ಕೈಯನ್ನು ಇನ್ನೂ ಬಿಡದೆ.